ಇವತ್ತು ಎಷ್ಟನೇ ಕೋಣೆ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಡಾಕ್ಟರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಮಾತಾಡಿ, ಹೋಳಿಗೆ ಊಟಕ್ಕೆ ಮೊದಲೇ ಹೆದರಿಸುತ್ತಾನೆ ಎಂದುಕೊಂಡಿದ್ದೀರಿ. ಈ ವರ್ಷ ಮಾಫಿ. ಇಂದಿನ ನನ್ನ ವಿಷಯ ಹಳೆಯ ಕುಂಗ್ ಫೂ ಸಿನಿಮಾ. ದಯವಿಟ್ಟು ನಗಬೇಡಿ.

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಪಾರ್ಲರ್ ಇತ್ತು. ಹಾಂಗ್‌ಕಾಂಗ್ ಚಿತ್ರಗಳು, ಇಂಗ್ಲಿಷ್ ಡಬ್ಬಿಂಗ್. ತುಟಿ ನಿಂತ ಮೇಲೂ ಮಾತು ಬರುತ್ತಿತ್ತು. ನಮಗೆ ಎರಡು ಭಾಷೆಯೂ ಬಾರದ್ದರಿಂದ ತೊಂದರೆಯಾಗಲಿಲ್ಲ. ಸಿಕ್ಕಿಬಿದ್ದ ದಿನ ಮೇಷ್ಟರಾಗಿದ್ದ ನನ್ನ ತಂದೆ ತೋರಿಸಿದ ಕುಂಗ್ ಫೂ ಮಾತ್ರ ಡಬ್ಬಿಂಗ್ ಇಲ್ಲದೆಯೇ ಅರ್ಥವಾಯಿತು.

ಕಥೆ ಹೆಚ್ಚಾಗಿ ಒಂದೇ: ಗುರುವನ್ನು ಕೊಂದರು, ಶಿಷ್ಯ ಸೇಡು ತೀರಿಸಿಕೊಂಡ. ಆದರೆ ಹೊಡೆದಾಟದಲ್ಲಿ ಮೋಸ ಕಡಿಮೆ. ಈಗ ಒಂದು ಏಟಿಗೆ ನಾಲ್ಕು ಸಲ ದೃಶ್ಯ ಕತ್ತರಿಸುತ್ತಾರೆ, ಯಾರು ಯಾರನ್ನು ಹೊಡೆದರೋ ತಿಳಿಯುವುದಿಲ್ಲ. ಆಗ ಕ್ಯಾಮೆರಾ ದೂರ ನಿಂತು ಇಬ್ಬರನ್ನೂ ತಲೆಯಿಂದ ಪಾದದವರೆಗೆ ತೋರಿಸುತ್ತಿತ್ತು. ಯಕ್ಷಗಾನದಲ್ಲಿ ದಿಗಿಣ ಹಾಕುವವನನ್ನು ನೋಡಿದ ಹಾಗೆ. ಬರುತ್ತದೆ ಅಥವಾ ಬರುವುದಿಲ್ಲ, ಅಡಗಲು ಜಾಗವಿಲ್ಲ. ಜಾಕಿ ಚಾನ್, ಸ್ಯಾಮೋ ಹಂಗ್ ಇಬ್ಬರೂ ಬಾಲ್ಯದಲ್ಲೇ ಪೀಕಿಂಗ್ ಅಪೆರಾ ಶಾಲೆಯಲ್ಲಿ ವರ್ಷಗಟ್ಟಲೆ ಪೆಟ್ಟು ತಿಂದು ಕಲಿತವರು.

ನನಗೆ ಅಚ್ಚುಮೆಚ್ಚು ಶಾ ಬ್ರದರ್ಸ್ ಅವರ 1978ರ ‘ದ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೋಲಿನ್’. ನಿರ್ದೇಶಕ ಲಾವ್ ಕಾರ್-ಲ್ಯುಂಗ್. ಅವರ ತಂದೆಯ ಗುರುವಿನ ಗುರು ಪ್ರಸಿದ್ಧ ವಾಂಗ್ ಫೇ-ಹಂಗ್. ಆತ ಔಷಧಿ ಅಂಗಡಿ ಇಟ್ಟಿದ್ದ ವೈದ್ಯ ಕೂಡ. ನಮ್ಮ ಕಸುಬಿನವರೇ ಅನ್ನಿ!

ಸೇಡಿಗಾಗಿ ಕಲಿಯಲು ಬಂದ ನಾಯಕ ಸಾನ್ ತೆ ಮೊದಲಿಗೇ ಎಲ್ಲಕ್ಕಿಂತ ಮೇಲಿನ ಕೋಣೆಗೆ ನುಗ್ಗಿ, ನಿಲ್ಲಲಾರದೆ ಹೊರಬೀಳುತ್ತಾನೆ. ಕೆಳಗಿನಿಂದ ಶುರುಮಾಡಬೇಕಾಗುತ್ತದೆ. ಚಿತ್ರದ ನಡುವಿನ ದೊಡ್ಡ ಭಾಗವೆಲ್ಲ ಬರೀ ಅಭ್ಯಾಸವೇ. ಒಂದು ಕಡೆ ತೋಳಿಗೆ ಚೂರಿ ಕಟ್ಟಿಕೊಂಡು ಕೈ ಚಾಚಿ ನೀರು ಹೊರಬೇಕು; ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಇನ್ನೊಂದು ಕಡೆ ತಲೆಯ ಎರಡೂ ಪಕ್ಕ ಉರಿಯುವ ದಪ್ಪ ಊದುಬತ್ತಿ. ತಲೆ ತಿರುಗಿಸದೆ, ಓಲಾಡುವ ದೀಪವನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು.

ರೆಸಿಡೆನ್ಸಿಯ ದಿನಗಳಲ್ಲಿ ಮೂವತ್ತು ಗಂಟೆ ಡ್ಯೂಟಿ ಮುಗಿಸಿ ಬಂದು ಇದನ್ನೇ ನೋಡುತ್ತ ಸೋಫಾದಲ್ಲಿ ನಿದ್ದೆ ಹೋಗುತ್ತಿದ್ದೆ. “ಆ ಬೋಳುತಲೆಯವನ ಹತ್ತಿರ ನಿಮಗೇನು ಕೆಲಸ?” ಎಂದು ನನ್ನಾಕೆ ಕೇಳುತ್ತಿದ್ದಳು.

ಮೂರು ವರ್ಷದ ಹಿಂದೆ ತಂದೆಯವರು ನಮ್ಮ ಮನೆಯಲ್ಲಿದ್ದಾಗ ಪಾರ್ಶ್ವವಾಯು ಬಡಿಯಿತು. “ತಲೆ ಅಲ್ಲಾಡಿಸಬೇಡಿ, ನನ್ನ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಿ” ಎಂದು ಎಷ್ಟೋ ರೋಗಿಗಳಿಗೆ ಹೇಳಿದ ನಾನು ಅಂದು ಅಪ್ಪನಿಗೆ ಹೇಳಬೇಕಾಯಿತು. ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಉಣ್ಣಲು ಒಲ್ಲರು, ನನ್ನಾಕೆ ತಿನ್ನಿಸಹೋದರೆ ಮುಖ ತಿರುಗಿಸುವರು. ದಿನೇದಿನೇ ಇಳಿದುಹೋದರು. ಥೆರಪಿಯವರು ಹಲಗೆಯ ತೂತುಗಳಿಗೆ ಕಡ್ಡಿ ಸಿಕ್ಕಿಸಲು ಕೊಟ್ಟರೆ, “ನಾನೇನು ಎಲ್‌ಕೆಜಿ ಹುಡುಗನೇ?” ಎಂದು ತಳ್ಳಿಬಿಟ್ಟರು. ನಾನು ವೈದ್ಯನಾಗಿ ಹೇಳಬೇಕಾದದ್ದನ್ನೆಲ್ಲ ಹೇಳಿ ಸೋತೆ.

ಒಂದು ರಾತ್ರಿ ಬೇರೇನೂ ತೋಚದೆ ಈ ಸಿನಿಮಾ ಹಾಕಿದೆ. “ಇದಕ್ಕೇ ಅಲ್ಲವೇನೋ ನಿನಗೆ ಹೊಡೆದಿದ್ದು?” ಎಂದರು. ನೀರು ಹೊರುವ ದೃಶ್ಯವನ್ನು ಕಣ್ಣು ಬಿಟ್ಟು ನೋಡಿದರು, ಆಮೇಲೆ ಗೊರಕೆ. ಎಚ್ಚರವಾದಾಗ ಹೇಳಿದೆ: ಈ ನಟ ಗಾರ್ಡನ್ ಲಿಯು ಅವರಿಗೂ 2011ರಲ್ಲಿ ಪಾರ್ಶ್ವವಾಯು ಆಯಿತು ಅಪ್ಪ, ಎಂದು. ಬಹಳ ಹೊತ್ತು ಸುಮ್ಮನಿದ್ದು, “ಅಷ್ಟು ಸಾಧನೆ ಮಾಡಿದವನಿಗೂ?” ಎಂದರು.

ಬೆಳಿಗ್ಗೆ ಹಲಗೆ ತಂದಿಟ್ಟೆ. ಅಪ್ಪ ಅದನ್ನೇ ನೋಡುತ್ತ, “ಇವತ್ತು ಎಷ್ಟನೇ ಕೋಣೆಯೋ?” ಎಂದು ಕೇಳಿದರು.

ಆ ಕೈ ಪೂರ್ತಿ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಊರಿಗೆ ಹೋದರು. ಕಳೆದ ಯುಗಾದಿಗೆ ಫೋನ್ ಮಾಡಿದ್ದರು. ಸಾರನ್ನ ಅರ್ಧ ಬಾಯಿಗೆ, ಅರ್ಧ ಪಂಚೆಗೆ ಬಿತ್ತಂತೆ. “ಆದರೆ ಬಲಗೈಯಲ್ಲೇ ಉಂಡೆ ಕಣೋ” ಎಂದರು.