ಸಿಪಾಯಿಯ ರೋಗವೂ ಪಿಂಚಣಿಯ ಅಪೀಲೂ



ರಣರಂಗದಲ್ಲಿ ಗುಂಡು ತಗುಲಿ ಕಾಲು ಕಳೆದುಕೊಂಡ ಯೋಧನಿಗೆ ಅಂಗವೈಕಲ್ಯದ ಪಿಂಚಣಿ ಸಲ್ಲತಕ್ಕದ್ದೆಂಬುದರಲ್ಲಿ ಯಾರಿಗೂ ಸಂದೇಹವಿರದು. ಗಾಯವೇ ಅದಕ್ಕೆ ಸಾಕ್ಷಿ. ಆದರೆ ದಂಡಿನಲ್ಲಿದ್ದಾಗ ರಕ್ತದೊತ್ತಡವೋ ಮನೋವ್ಯಾಧಿಯೋ ಅಪಸ್ಮಾರವೋ ತಲೆದೋರಿದರೆ, ಅದು ಸೇವೆಯಿಂದಲೇ ಬಂದುದೆಂದು ತೋರಿಸುವುದು ಹೇಗೆ? ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಧರ್ಮವೀರ ಸಿಂಗ್ ಎಂಬವರು 1985ರಲ್ಲಿ ಭಾರತ ಸೇನೆಯ ಸಿಗ್ನಲ್ ದಳವನ್ನು ಸೇರಿದರು. ಸುಮಾರು 9 ವರ್ಷ ದುಡಿದ ಮೇಲೆ, 1994ರಲ್ಲಿ, ಅಪಸ್ಮಾರವಿದೆಯೆಂದೂ ವೈಕಲ್ಯವು ನೂರಕ್ಕೆ 20ರಷ್ಟೆಂದೂ ಗೊತ್ತುಮಾಡಿ ಅವರನ್ನು ಸೇವೆಯಿಂದ ಬಿಡಿಸಲಾಯಿತು. ಸೇನೆಯ 1961ರ ಪಿಂಚಣಿ ನಿಬಂಧನೆಯಂತೆ 20 ಎಂಬುದೇ ಹೊಸ್ತಿಲು. ಅದನ್ನು ದಾಟಿದರೂ ಸಾಲದು. ರೋಗವು ಸೇವೆಯಿಂದ ಹುಟ್ಟಿರಬೇಕು, ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು. ಇದು ದೇಹಪ್ರಕೃತಿಯ ರೋಗ, ಸೇವೆಗೆ ಸಂಬಂಧವಿಲ್ಲವೆಂದು ವೈದ್ಯಮಂಡಲಿಯು ಷರಾ ಬರೆಯಿತು. ಏಕೆಂಬುದನ್ನು ಬರೆಯಲಿಲ್ಲ. ಪಿಂಚಣಿ ತಪ್ಪಿತು.

ವ್ಯಾಜ್ಯವು ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು ಒಮ್ಮೆ ಸೋತು ಸುಪ್ರೀಂ ಕೋರ್ಟನ್ನು ಮುಟ್ಟಿತು. ತೀರ್ಪು ಬಂದದ್ದು 2013ರಲ್ಲಿ, ಎಂದರೆ 19 ವರ್ಷಗಳ ಬಳಿಕ! ಸೇನೆಗೆ ಸೇರುವಾಗ ರೋಗವಿದ್ದ ಬಗ್ಗೆ ಬರಹವಿಲ್ಲದಿದ್ದರೆ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸತಕ್ಕದ್ದು. ಆಮೇಲೆ ಬಂದ ರೋಗಕ್ಕೆ ಸೇವೆ ಕಾರಣವಲ್ಲವೆಂದು ಸಾಧಿಸುವ ಹೊರೆ ಸರಕಾರದ್ದು. ಸಂದೇಹದ ಲಾಭ ಸಿಪಾಯಿಗೆ. ರೋಗವನ್ನು ಸೇರುವಾಗಲೇ ಕಂಡುಹಿಡಿಯುವಂತಿರಲಿಲ್ಲವೆಂದು ವೈದ್ಯಮಂಡಲಿ ಹೇಳುವುದಾದರೆ ಕಾರಣಗಳನ್ನು ಬರೆಯತಕ್ಕದ್ದು ಎಂದು ನ್ಯಾಯಾಲಯವು ವಿಧಿಸಿತು.

ನಮ್ಮ ಎಣಿಕೆಯಲ್ಲಿ ಈ ಕಡೆಯ ಮಾತೇ ಮಿಗಿಲಾದುದು. ಕಾರಣ ಕೊಟ್ಟಿದ್ದರೆ ಮತ್ತೊಬ್ಬ ವೈದ್ಯನು ಅದನ್ನು ಒರೆಹಚ್ಚಿ ನೋಡಬಹುದು. ಬರಿಯ ಷರಾಕ್ಕೆ ಉತ್ತರವೆಲ್ಲಿಯದು? ಸೇನೆಯನ್ನು ಸೇರುವ ದಿನ ಎದೆ, ಕಣ್ಣು, ಕಿವಿಗಳನ್ನೆಲ್ಲ ಪರೀಕ್ಷಿಸಿ ಒಪ್ಪಿಕೊಂಡವರೇ, ಕಳುಹಿಸುವ ದಿನ ಹುಟ್ಟುಗುಣವೆಂದು ಕೈತೊಳೆದುಕೊಳ್ಳುವುದು ವಿಚಿತ್ರವಲ್ಲವೆ?

ಅಪೀಲು ಮಾಡುವವರು ಮೊದಲು ಇಲಾಖೆಯ ಮೇಲಧಿಕಾರಿಗಳಿಗೆ, ಅಲ್ಲಿ ಫಲಿಸದಿದ್ದರೆ 2007ರ ಕಾನೂನಿನಿಂದ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಲಿಗೆ ಹೋಗಬೇಕಾಗುತ್ತದೆ. ವೈದ್ಯಮಂಡಲಿಯ ವರದಿಯ ನಕಲು, ಸೇರಿದಾಗಿನ ದೇಹಪರೀಕ್ಷೆಯ ಕಾಗದ, ಎಲ್ಲೆಲ್ಲಿ ಕೆಲಸ ಮಾಡಿದರೆಂಬ ದಾಖಲೆ, ಇವು ಕೈಯಲ್ಲಿರಲಿ. 2008ರಲ್ಲಿಯೂ 2023ರಲ್ಲಿಯೂ ನಿಯಮಗಳನ್ನು ಹೊಸದಾಗಿ ಹೊರಡಿಸಿರುವುದರಿಂದ, ತಮ್ಮ ಬಿಡುಗಡೆಯ ದಿನಕ್ಕೆ ಯಾವುದು ಅನ್ವಯಿಸುತ್ತದೆಂಬುದನ್ನು ಅರ್ಜಿ ಬರೆಯುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು.