ಒಡೆಯದೆ ಒಳಗನ್ನು ಅರಿಯುವ ಬಗೆ

(ಶತಮಾನೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಅದನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು. ಗಟ್ಟಿ ಮಡಕೆಯ ನಾದ ಒಂದು, ಬಿರುಕು ಬಿಟ್ಟದ್ದರ ನಾದ ಇನ್ನೊಂದು. ಈ ಹಳೆಯ ಜಾಣ್ಮೆಯನ್ನೇ ಇಂದಿನ ವಿಜ್ಞಾನವು ನೆಲಕ್ಕೂ ಕಟ್ಟಡಕ್ಕೂ ವಿಸ್ತರಿಸಿದೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತ ಬಂದ ಒಕ್ಕಲು ಮನೆತನಗಳಿವೆ. ಆ ಕಣಿವೆಯ ಭತ್ತ, ದ್ರಾಕ್ಷಿ, ತೆಂಗುಗಳಿಗೆ ಆಧಾರವಾಗಿರುವುದು ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು. ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಯನ್ನು ತಡೆದು, ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ ಈ ಕಾರ್ಯವು ಇಂಜಿನಿಯರ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1895ರಲ್ಲಿ ಪೂರ್ಣಗೊಂಡಿತು. ಕಲ್ಲಿಗೆ ಬೆಸುಗೆಯಾದದ್ದು ಸುಣ್ಣ ಮತ್ತು ಇಟ್ಟಿಗೆಪುಡಿ ಕೂಡಿದ ಸುರ್ಕಿ ಗಾರೆ. ನಮ್ಮ ಕನ್ನಂಬಾಡಿ ಕಟ್ಟೆಯೂ ಸುರ್ಕಿಯಿಂದಲೇ ಎದ್ದುನಿಂತಿದೆ.

ಮಳೆಗಾಲ ಬಂದರೆ ಅಣೆಕಟ್ಟಿನ ಕೆಳಗಿನ ಕೇರಳದ ಜನರಿಗೆ ಪ್ರಾಣಭಯ. ನೀರಿನ ಮಟ್ಟ ಇಳಿಸಿದರೆ ಕಣಿವೆಯ ರೈತರಿಗೆ ಬೆಳೆಭಯ. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಅಣೆಕಟ್ಟು ಸುರಕ್ಷಿತವೆಂದು ಹೇಳಿ, 142 ಅಡಿಯವರೆಗೆ ನೀರು ನಿಲ್ಲಿಸಲು ಸಮ್ಮತಿಸಿತು. ಆದರೂ ಆತಂಕ ಅಡಗಿಲ್ಲ. ಇಂತಹ ಹಳೆಯ ಕಟ್ಟಡದ ಒಡಲನ್ನು ಅರಿಯುವುದು ಹೇಗೆ?

ಒಂದು ದಾರಿ ಮೇಲ್ಮೈ ಅಲೆಗಳದು. ನೆಲದ ಮೇಲೆ ಲೋಹದ ಫಲಕವಿಟ್ಟು ಸುತ್ತಿಗೆಯಿಂದ ಬಡಿದರೆ ಅಲೆಗಳು ಮೇಲ್ಮೈಗುಂಟ ಸಾಗುತ್ತವೆ; ಸಾಲಾಗಿ ನೆಟ್ಟ ಸಂವೇದಕಗಳು ಅವನ್ನು ದಾಖಲಿಸುತ್ತವೆ. ಗಿಡ್ಡ ಅಲೆ ಮೇಲ್ಪದರವನ್ನು ಮಾತ್ರ ತಿಳಿಸುತ್ತದೆ. ಉದ್ದ ಅಲೆ ಆಳದ ಸುದ್ದಿ ತರುತ್ತದೆ. ಅವುಗಳ ವೇಗಗಳ ವ್ಯತ್ಯಾಸದಿಂದ ಪ್ರತಿ ಪದರದ ಗಡಸುತನವನ್ನು ಲೆಕ್ಕಹಾಕಬಹುದು. ಬೆಂಗಳೂರಿನ ನೆಲವು ಭೂಕಂಪಕ್ಕೆ ಹೇಗೆ ಸ್ಪಂದಿಸೀತೆಂದು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯವರು ಈ ವಿಧಾನವನ್ನೇ ಬಳಸಿದರು.

ಇನ್ನೊಂದು ದಾರಿ ರೇಡಾರಿನದು. ರೇಡಿಯೊ ಅಲೆಯ ಮಿಡಿತವು ಒಳಹೊಕ್ಕು, ವಸ್ತು ಬದಲಾದಲ್ಲಿ ಪ್ರತಿಫಲಿಸುತ್ತದೆ. ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಅದು ಗಾಳಿಯಲ್ಲಿ 30 ಸೆಂಟಿಮೀಟರ್ ಸಾಗಿದರೆ, ನೀರಿನಲ್ಲಿ ಸಾಗುವುದು ಸುಮಾರು 3 ಸೆಂಟಿಮೀಟರ್ ಮಾತ್ರ. ಆದುದರಿಂದಲೇ ಟೊಳ್ಳು, ತೇವಗಳ ಸುಳಿವು ದೊರೆಯುತ್ತದೆ. ಆದರೆ ಒದ್ದೆ ಜೇಡಿ ಆ ಅಲೆಯನ್ನು ನುಂಗಿಬಿಡುತ್ತದೆ. ಒತ್ತಾದ ಕಬ್ಬಿಣದ ಸರಳುಗಳು ತಮ್ಮ ಹಿಂದಿರುವುದನ್ನು ಮರೆಮಾಡುತ್ತವೆ.

ಸಮತಟ್ಟಾದ ನೆಲಕ್ಕೆ ಹೊಂದುವ ಮೇಲ್ಮೈ ಅಲೆಯ ಲೆಕ್ಕವು ಇಳಿಜಾರು ಮೈಯ ಅಣೆಕಟ್ಟಿಗೆ ಹಾಗೆಯೇ ಹೊಂದದು. ಮೇಲಾಗಿ, ಒಂದೇ ದಾಖಲೆಗೆ ಒಂದಕ್ಕಿಂತ ಹೆಚ್ಚು ಒಳಚಿತ್ರಗಳು ಸರಿಹೊಂದಬಹುದು. ಅಂತೆಯೇ ಎರಡು ವಿಧಾನಗಳನ್ನೂ ಜೊತೆಗೂಡಿಸಿ, ಕೆಲವೆಡೆ ಕೊರೆದು ತೆಗೆದ ಮಾದರಿಯೊಡನೆ ತಾಳೆ ನೋಡಬೇಕು. ಅಳತೆಯ ವೇಳೆ ಇಬ್ಬದಿಯವರೂ ಜೊತೆಗಿದ್ದು, ಫಲಿತಾಂಶವು ಇಬ್ಬರ ಮುಂದೆಯೂ ತೆರೆದಿರಬೇಕು. ನಂಬಿಕೆ ಹುಟ್ಟುವುದು ಆಗಲೇ.

ನೂರು ವರ್ಷ ತುಂಬಿದ ನಮ್ಮ ಶಾಲೆಯ ಹಳೆಯ ಗೋಡೆಗಳೂ ಗಾರೆಯವೇ. ಅವನ್ನು ಕೆಡವಬೇಕೆ, ಉಳಿಸಬೇಕೆ ಎಂಬ ಮಾತು ನಮ್ಮಲ್ಲಿಯೂ ನಡೆದಿದೆ. ಅಭಿಮಾನದಿಂದಲೂ ಅವಸರದಿಂದಲೂ ತೀರ್ಮಾನಿಸದೆ, ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸೋಣ. ಆ ಪರೀಕ್ಷೆಯನ್ನು ನಮ್ಮ ಮಕ್ಕಳು ಹತ್ತಿರ ನಿಂತು ನೋಡಲಿ ಎಂದು ಪ್ರಾರ್ಥಿಸಿ, ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.