ಯೋಧರ ಬಲಿದಾನ ಮತ್ತು ನಮ್ಮ ಮಕ್ಕಳು

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನವೆಂಬರ್ ನಮಗೆ ಮೃತರ ಸ್ಮರಣೆಯ ಮಾಸ. 2ನೆಯ ತಾರೀಖು ಸಮಾಧಿಗಳನ್ನು ಶುಚಿಗೊಳಿಸಿ, ಮೇಣದ ಬತ್ತಿ ಹಚ್ಚಿ, ಅಗಲಿದ ಹಿರಿಯರಿಗಾಗಿ ಪ್ರಾರ್ಥಿಸುತ್ತೇವೆ. ಅದೇ ಮಾಸದ 28ರಂದು ನಾವು ನೆನೆಯಬೇಕಾದ ಮತ್ತೊಬ್ಬರಿದ್ದಾರೆ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಿದೆ. ಅಲ್ಲಿ ದಿನವೂ ಓಡಾಡುವ ಎಷ್ಟೋ ಮಕ್ಕಳಿಗೆ ಆ ಹೆಸರು ಬರಿಯ ವಿಳಾಸ.

ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಓದಿ ಬೆಳೆದವರು. 1999ರಲ್ಲಿ ಬಿಹಾರ ರೆಜಿಮೆಂಟನ್ನು ಸೇರಿ, ಮುಂದೆ ರಾಷ್ಟ್ರೀಯ ಭದ್ರತಾ ಪಡೆಯಲ್ಲಿ ಸೇವೆ ಸಲ್ಲಿಸಿದರು. 2008ರಲ್ಲಿ ಭಯೋತ್ಪಾದಕರು ಮುಂಬಯಿಯ ತಾಜ್ ಹೋಟೆಲಿಗೆ ನುಗ್ಗಿದಾಗ, ಅಲ್ಲಿ ಸಿಕ್ಕಿಕೊಂಡಿದ್ದವರನ್ನು ಬಿಡಿಸಲು ತಮ್ಮ ತಂಡದೊಡನೆ ಒಳಹೊಕ್ಕರು. ಜೊತೆಯ ಕಮಾಂಡೊ ಒಬ್ಬರಿಗೆ ಗುಂಡು ತಗುಲಿತು. ಮೇಜರ್ ಸಂದೀಪ್ ಮೊದಲು ಆ ಗಾಯಾಳುವನ್ನು ಹೊರಗೆ ಸಾಗಿಸುವ ಏರ್ಪಾಡು ಮಾಡಿದರು. ಅನಂತರವೇ ವೈರಿಗಳನ್ನು ಬೆನ್ನಟ್ಟಿ, ಪ್ರಾಣ ತೆತ್ತರು. ಆಗ ಅವರಿಗೆ 31 ವರ್ಷ. 2009ರ ಗಣರಾಜ್ಯೋತ್ಸವದಂದು ರಾಷ್ಟ್ರವಿತ್ತ ಅಶೋಕ ಚಕ್ರವನ್ನು ಸ್ವೀಕರಿಸಿದವು ಹೆತ್ತ ತಾಯಿಯ ಕೈಗಳು.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಸ್ಫೋಟಕಗಳನ್ನು ತೆರವುಗೊಳಿಸುವ ಕಾರ್ಯದಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರೂ ನಮ್ಮ ನಗರದವರೇ. ಇತರರ ಕಾಲಿಗೆ ಅಪಾಯ ತಗುಲದಿರಲೆಂದು ತಾವು ಮುಂದೆ ನಡೆದವರು ಅವರು.

ಪೋಷಕರೇ, ಈ ಕಥೆಗಳನ್ನು ಮಕ್ಕಳಿಗೆ ಹೇಳಿರಿ. ಆದರೆ ಹೇಳುವಾಗ ಎಚ್ಚರವಿರಲಿ. ಆಟದ ಬಂದೂಕು ಹಿಡಿದ ಮಗುವಿಗೆ ಕೊಲ್ಲುವುದೇ ಶೌರ್ಯವೆಂದು ತೋರುವುದು ಸುಲಭ. ಎಷ್ಟು ಮಂದಿಯನ್ನು ಹೊಡೆದರೆಂದು ಮಗು ಕೇಳಿದರೆ, ಯಾರನ್ನು ಉಳಿಸಲು ಹೋದರೆಂಬುದನ್ನು ತಿಳಿಸಿರಿ. ಮಿತ್ರರಿಗಾಗಿ ಪ್ರಾಣ ಕೊಡುವುದಕ್ಕಿಂತ ಹಿರಿದಾದ ಪ್ರೀತಿಯಿಲ್ಲವೆಂದು ಪ್ರಭು ಕಲಿಸಿದರಲ್ಲವೇ? ಅವರು ಹೊಗಳಿದ್ದು ಪ್ರೀತಿಯನ್ನು, ದ್ವೇಷವನ್ನಲ್ಲ.

ಸ್ಮರಣೆ ಬಾಯಿಮಾತಾಗದಿರಲಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ಆಚರಣೆ. ಅಂದು ಸಂಗ್ರಹವಾಗುವ ನಿಧಿ ಮಡಿದ ಯೋಧರ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ನೆರವಾಗುತ್ತದೆ. ಮಕ್ಕಳು ತಮ್ಮ ಹುಂಡಿಯ ಕಾಸನ್ನು ತಾವೇ ತಂದು ಕೊಡಲಿ. ಜ್ಞಾನೋಪದೇಶದ ಉಪಾಧ್ಯಾಯರು ಅವರನ್ನು ಆ ರಸ್ತೆಗೆ ಕರೆದೊಯ್ದು ನಾಮಫಲಕವನ್ನು ಓದಿಸಲಿ. ನೆರೆಯಲ್ಲಿರುವ ನಿವೃತ್ತ ಸೈನಿಕರನ್ನು ಕಂಡರೆ ಮಕ್ಕಳು ನಿಂತು ನಮಸ್ಕರಿಸಲಿ.

ಮಕ್ಕಳೇ, ಗಡಿಗೆ ಹೋಗುವ ಕರೆ ಎಲ್ಲರಿಗೂ ಬಾರದು. ಆದರೆ ಬಿದ್ದ ಗೆಳೆಯನನ್ನು ಬಿಟ್ಟು ಓಡದಿರುವುದನ್ನು ಶಾಲೆಯ ಅಂಗಳದಲ್ಲಿಯೇ ಕಲಿಯಬಹುದು. ಅದನ್ನು ಕಲಿತರೆ ಆ ಯೋಧರಿಗೆ ನೀವು ಸಲ್ಲಿಸುವ ಗೌರವ ನಿಜವಾದೀತು.

ಮಡಿದ ಯೋಧರೆಲ್ಲರಿಗೂ ದೇವರು ನಿತ್ಯಶಾಂತಿಯನ್ನೂ, ಅವರ ಮನೆಯವರಿಗೆ ಸಾಂತ್ವನವನ್ನೂ ಕರುಣಿಸಲಿ.